ನನ್ನ ಪರವಾಗಿ ಒಂದು ಮಾತು

ಇಂಗ್ಲೆಂಡಿನ ನಮ್ಮ ಬ್ಯಾರಿಸ್ಟರುಗಳ ಲೋಕದಲ್ಲಿ ಪ್ರತಿ ವರ್ಷ ಒಂದು ಪುಸ್ತಕ ಬರುತ್ತದೆ. ಯಾವ ಕಾನೂನಿನಲ್ಲಿ ಯಾರು ಮೇಲು ಎಂಬ ಪಟ್ಟಿ. ಲೀಡ್ಸ್, ಬ್ರಾಡ್‌ಫರ್ಡ್, ಮ್ಯಾಂಚೆಸ್ಟರ್ ಎಂದು ವರ್ಷಗಟ್ಟಲೆ ಫೈಲುಗಳ ಪೆಟ್ಟಿಗೆ ಎಳೆದುಕೊಂಡು ಓಡಾಡಿದರೂ ವಲಸೆ ಮತ್ತು ಆಶ್ರಯದ ಕೇಸುಗಳ ಪುಟದಲ್ಲಿ ನನ್ನ ಹೆಸರು ಬಂದಿರಲಿಲ್ಲ. ನಾನೇ ಕೆಲಸ ಕಲಿಸಿದ ಕಿರಿಯನೊಬ್ಬ ಅಲ್ಲಿ ಎರಡು ಸಲ ಮಿಂಚಿದ್ದ. ಹೊಟ್ಟೆಕಿಚ್ಚಾಗಿತ್ತು, ಸುಳ್ಳೇಕೆ ಹೇಳಲಿ.

ಪಟ್ಟಿಗೆ ಅರ್ಜಿ ಹಾಕುವವರು ತಮ್ಮ ಕೆಲಸ ಕಂಡವರ ಫೋನ್ ನಂಬರು ಕೊಡಬೇಕು. ಪುಸ್ತಕದವರು ಅವರನ್ನು ವಿಚಾರಿಸುತ್ತಾರೆ. ಕಂಪನಿ ಕೇಸು ನಡೆಸುವವರು ಡೈರೆಕ್ಟರುಗಳ ನಂಬರು ಕೊಡುತ್ತಾರೆ. ನಮ್ಮ ಕಕ್ಷಿದಾರರೋ ಬಾಗಿಲು ತಟ್ಟಿದರೆ ಬೆಚ್ಚಿಬೀಳುವವರು. ಹಾಗಾಗಿ ನಾವು ಕೇಸು ತಂದುಕೊಡುವ ಸಾಲಿಸಿಟರುಗಳ ನಂಬರನ್ನಷ್ಟೇ ಕೊಡುತ್ತೇವೆ. ಆ ವರ್ಷ ನಾನು ಒಂದು ನಂಬರು ಹೆಚ್ಚಿಗೆ ಕೊಟ್ಟೆ.

ಅದು ಲೀಡ್ಸಿನ ಹೆಡಿಂಗ್ಲೀಯಲ್ಲಿದ್ದು ಓದುತ್ತಿದ್ದ ಧಾರವಾಡದ ಕಡೆಯ ಹುಡುಗಿಯದು. ಮನೆಯವರು ಒಪ್ಪದವನನ್ನು ಮೆಚ್ಚಿದ್ದಕ್ಕೆ, ಊರಿಗೆ ಬಂದರೆ ಕಡಿದುಹಾಕುತ್ತೇವೆ ಎಂದು ಅಣ್ಣಂದಿರು ಬರೆದಿದ್ದರು. ಅವಳು ಇಲ್ಲಿ ಆಶ್ರಯ ಕೇಳಿದಳು, ಸರ್ಕಾರ ಕೊಡಲಿಲ್ಲ. ಅದರ ಮೇಲ್ಮನವಿ ನಾನು ನಡೆಸಿದೆ. ವಿಚಾರಣೆ ಮುಗಿದ ಕೂಡಲೇ ಕಾರಿಡಾರಿನಲ್ಲೇ ಕೇಳಿದೆ, "ನನ್ನ ಕೆಲಸದ ಬಗ್ಗೆ ಯಾರಾದ್ರೂ ಫೋನ್ ಮಾಡಿದ್ರೆ ಮಾತಾಡ್ತೀಯೇನಮ್ಮಾ?"

"ಹೂಂ ಮೇಡಂ."

ಪಾಟೀಸವಾಲಿಗೆ ಬೆಂದು ಬಂದವಳು ಆ ಹೊತ್ತಿನಲ್ಲಿ ಏನು ಕೇಳಿದರೂ ಹೂಂ ಅನ್ನುತ್ತಿದ್ದಳು. ನನಗದು ಗೊತ್ತಿತ್ತು. ಗೊತ್ತಿದ್ದೂ ನಂಬರು ಬರೆದುಕೊಂಡೆ.

ಆರು ವಾರಕ್ಕೆ ತೀರ್ಪು ಬಂತು, ಗೆದ್ದಿದ್ದೆವು. ಆದರೆ ಹುಡುಗಿಯೇ ಇಲ್ಲ! ಮೊಬೈಲ್ ಆಫ್, ಕೋಣೆ ಬಿಟ್ಟು ನಾಲ್ಕು ದಿನವಾಯಿತಂತೆ ಎಂದರು ಅವಳ ಸಾಲಿಸಿಟರ್. ಪುಸ್ತಕದವರು ಫೋನ್ ಮಾಡಲು ಶುರುಮಾಡಿದ್ದೂ ಅದೇ ವಾರ.

ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೇರೊಂದು ಕೇಸಿನಲ್ಲಿ ವಾದ ಮಾಡುತ್ತಲೇ ಮೊಬೈಲ್ ನೋಡಿ ನ್ಯಾಯಾಧೀಶರಿಂದ ಬೈಸಿಕೊಂಡೆ. ಅಣ್ಣಂದಿರೇ ಹುಡುಕಿ ಬಂದರೇನೋ ಎಂದೂ ಅನ್ನಿಸಿತು. ಕಕ್ಷಿದಾರರನ್ನು ಮನೆಮನೆಗೆ ಹುಡುಕಿಕೊಂಡು ಹೋಗುವುದು ಬ್ಯಾರಿಸ್ಟರ್ ಮಾಡುವ ಕೆಲಸವಲ್ಲ. ಹೋದೆ. ಅವಳ ಜೊತೆ ಓದುವವಳೊಬ್ಬಳು ಮೊದಲು ಬಾಯಿ ಬಿಡಲಿಲ್ಲ, ಕನ್ನಡದಲ್ಲಿ ಗೋಗರೆದ ಮೇಲೆ ಊರಿನ ಇನ್ನೊಂದು ಕಡೆ ಇರುವ ಬೀಸ್ಟನ್‌ನ ಒಂದು ವಿಳಾಸ ಕೊಟ್ಟಳು.

ಅಲ್ಲಿ ಬೆಲ್ ಒತ್ತದೆ, ಬೀದಿಗೆಲ್ಲ ಕೇಳುವಂತೆ ಕೂಗಿದೆ, "ನಾನಮ್ಮಾ, ನಿನ್ನ ಲಾಯರು. ನಾವು ಗೆದ್ವಿ!"

ಬಾಗಿಲು ತೆರೆದವಳು ತೀರ್ಪು ಓದಿ, ಅತ್ತು, ಮತ್ತೆ ಓದಿದಳು. ವಿಚಾರಣೆಯಲ್ಲಿ ಅಳೆದು ಮಾತಾಡಿದ್ದವಳ ಧಾರವಾಡದ ಮಾತು ಆಗ ಹೊರಬಂತು.

"ಯಾರೋ ಒಬ್ಬಾಂವ ಫೋನ್ ಮಾಡಿದ್ದ ರೀ ಮೇಡಂ. ನಿಮ್ಮ ಹೆಸರು ಹೇಳಿ, ನಿನಗ ಏನೇನ್ ಮಾಡಿಕೊಟ್ಟಾರ, ಹ್ಯಾಂಗ ಕೆಲಸ ಮಾಡ್ತಾರ ಅಂತ ಕೇಳಿದ. ಸರ್ಕಾರದಾಂವ ಇರಬೇಕು, ನನ್ನ ಸಲುವಾಗಿ ನಿಮ್ಮ ಕೆಲಸಕ್ಕ ಕುತ್ತು ಬಂತು ಅನ್ಕೊಂಡೆ."

"ನೀನೇನು ಹೇಳಿದೆ?"

"ಆ ಹೆಸರಿನವ್ರು ಯಾರೂ ನನಗ ಗೊತ್ತಿಲ್ಲ ಅಂದೆ ರೀ. ಎಷ್ಟ್ ಸಲ ಕೇಳಿದ್ರೂ ಅಷ್ಟ ಹೇಳಿದೆ. ಆಮ್ಯಾಗ ಅಂಜಿಕಿ ಬಂತು, ಇಲ್ಲಿಗೆ ಓಡಿ ಬಂದೆ."

ಆ ವರ್ಷ ಪುಸ್ತಕದಲ್ಲಿ ನನ್ನ ಹೆಸರು ಬಂತು. ಕಕ್ಷಿದಾರರ ಭಯವನ್ನು ಬಲ್ಲವರು ಎಂದು ಯಾರೋ ಸಾಲಿಸಿಟರ್ ನನ್ನನ್ನು ಹೊಗಳಿದ್ದರು. ಕಚೇರಿಯವರು ಕೇಕ್ ತರಿಸಿ, ಆ ಸಾಲನ್ನು ಜೋರಾಗಿ ಓದು ಎಂದರು. ನನ್ನಿಂದ ಓದಲಾಗಲಿಲ್ಲ.