ಅಂಟು ಒಣಗುವ ಇಪ್ಪತ್ತು ನಿಮಿಷ

ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಚಿಮಟದಕ್ಕ. ಇಪ್ಪತ್ತಾರು ವರ್ಷಗಳಿಂದ ಒಂದೇ ಚಿಮಟ ಹಿಡಿದು, ಬರಿಗಣ್ಣಿಗೆ ಕಾಣದ ಚೂರುಗಳನ್ನು ಬರಿಗಣ್ಣಿಗೆ ಕಾಣದ ಜಾಗದಲ್ಲಿ ಕೂರಿಸುವುದು ಅವಳ ಕೆಲಸ. ಹೊಸಬರು ಯಾರಾದರೂ ಇಣುಕಿ ನೋಡಿದರೆ, ಐವತ್ತೆರಡರ ಹೆಂಗಸೊಬ್ಬಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಸುಮ್ಮನೆ ಕೂತಂತೆ ಕಾಣುತ್ತಿತ್ತು. ಕೈ ಅಷ್ಟು ಸಣ್ಣಗೆ ಚಲಿಸುತ್ತಿತ್ತು.

ಆ ವರ್ಷ ಅವರು ಮಾಡುತ್ತಿದ್ದುದು ಹನ್ನೆರಡು ಸೆನ್ಸರ್‌ಗಳು. ಒಂದೊಂದೂ ಎಳ್ಳಿನ ಕಾಳಿಗಿಂತ ಚಿಕ್ಕದು. ಒಳಗೆ ಸಿಲಿಕಾನಿನ ಒಂದು ನಾಲಿಗೆ, ರೆಪ್ಪೆಗೂದಲಿಗಿಂತ ತೆಳು. ಅದರ ತುದಿಗೆ ಕಾಂತಗುಣದ ಲೋಹದ ಒಂದು ಪೊರೆ. ಹತ್ತಿರದಲ್ಲಿ ಎಂಥ ಸಣ್ಣ ಅಯಸ್ಕಾಂತ ಅಲುಗಿದರೂ ಆ ನಾಲಿಗೆ ಬಾಗುತ್ತದೆ, ಬಾಗಿದ್ದು ಪರದೆಯ ಮೇಲೆ ಗೆರೆಯಾಗುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳ ಎದೆಗೆ ಸಾಸಿವೆಯಷ್ಟು ಅಯಸ್ಕಾಂತ ಅಂಟಿಸಿದರೆ, ಕೂಸನ್ನು ಮುಟ್ಟದೆಯೇ ಅದರ ಉಸಿರನ್ನು ಎಣಿಸಬಹುದು. ಪ್ರಯೋಗಾಲಯದ ಮುಖ್ಯಸ್ಥರು ಇದಕ್ಕಾಗಿ ಮೂರು ವರ್ಷ ತಲೆ ಕೆಡಿಸಿಕೊಂಡಿದ್ದರು. ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರಾದ್ದರಿಂದ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು.

ಸೆನ್ಸರ್ ಜೋಡಿಸುವ ಕೋಣೆಗೆ ಕಿಟಕಿಯಿಲ್ಲ. ಹೊರಗಿನ ಕಾಂತಶಕ್ತಿ ಒಳಗೆ ಸುಳಿಯದಂತೆ ಗೋಡೆಗೆಲ್ಲ ಲೋಹದ ಹಾಳೆ ಹೊದಿಸಿದ್ದರು. ಮೊಬೈಲು, ಬೆಲ್ಟು, ಹೇರ್‌ಪಿನ್ನು ಎಲ್ಲವನ್ನೂ ಹೊರಗಿನ ತಟ್ಟೆಯಲ್ಲಿಟ್ಟು ಒಳಗೆ ಹೋಗಬೇಕು. ಬಾಗಿಲು ಮುಚ್ಚಿತೆಂದರೆ ಅವರವರ ರಕ್ತ ಓಡುವ ಸದ್ದು ಅವರವರ ಕಿವಿಗೆ ಕೇಳಬೇಕು, ಅಂಥ ಮೌನ. ಮೇಜಿನ ಆ ತುದಿಯಲ್ಲಿ ಮೈಕ್ರೋಸ್ಕೋಪು. ಈ ತುದಿಯಲ್ಲಿ, ಅವಳ ಕುರ್ಚಿಯ ಬಲಗೈಗೆ ಹತ್ತಿರ, ಹಿಂದೆ ಮುಗಿಸಿದ ಸೆನ್ಸರು ಪರೀಕ್ಷೆಗೆ ಕೂತಿರುತ್ತಿತ್ತು. ಹೊಸ ಸೆನ್ಸರಿಗೆ ದಿನಕ್ಕೊಂದು ಚೂರಿನಂತೆ ಮೂರ್ನಾಲ್ಕು ದಿನ ಅಂಟು ಹಾಕಬೇಕು; ಹಾಕಿದ ಮೇಲೆ ಅದು ಒಣಗಲು ಇಪ್ಪತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಯಾರೂ ಅಲುಗಬಾರದು, ಬಾಗಿಲು ತೆಗೆಯಬಾರದು. ಹಳೆಯ ಸೆನ್ಸರಿನ ಪರೀಕ್ಷೆಗೂ ಅದೇ ಇಪ್ಪತ್ತು ನಿಮಿಷ. ಅಲುಗುವುದು ಏನೂ ಇಲ್ಲದ ಕೋಣೆಯಲ್ಲಿ ಗೆರೆ ನೆಟ್ಟಗೆ ಹರಿದರೆ ಸೆನ್ಸರ್ ಪಾಸು.

ಒಂಬತ್ತನೆಯ ಸೆನ್ಸರು ಶುರುಮಾಡಿದ ದಿನ ಗೆರೆ ನೆಟ್ಟಗೆ ಹರಿಯಲಿಲ್ಲ.

ಅಂಟು ಹಾಕಿ, ಕುರ್ಚಿಗೆ ಒರಗಿ, ಚಿಮಟ ಹಿಡಿದ ಕೈಯನ್ನು ಕುರ್ಚಿಯ ಕೈಮೇಲೆ ಇಟ್ಟುಕೊಂಡು ಅವಳು ಕಾಯುತ್ತಿದ್ದಳು. ಚಿಮಟವನ್ನು ಮೇಜಿನ ಮೇಲೆ ಇಡುವವಳಲ್ಲ. ತುದಿ ಎಲ್ಲಾದರೂ ತಾಗಿ ಮೊಂಡಾದರೆ ಅಂದಿನ ಕೆಲಸ ಕೆಟ್ಟಂತೆ. ಎರಡು ನಿಮಿಷ ಗೆರೆ ಮಲಗಿತ್ತು. ಆಮೇಲೆ ಅದರ ಮೈಮೇಲೆ ಸಣ್ಣ ಹಲ್ಲುಗಳು ಎದ್ದವು. ಸೆಕೆಂಡಿಗೆ ಐದು. ಒಂದೇ ಸಮ. ಯಾರೋ ಬಂದು ಪಕ್ಕದಲ್ಲಿ ನಿಂತು ಬೆರಳಿನಿಂದ ತಟ್ಟುತ್ತಿರುವ ಹಾಗೆ.

ಅವಳು ತಿರುಗಿ ನೋಡಿದಳು. ಗೋಡೆ, ಮುಚ್ಚಿದ ಬಾಗಿಲು, ತನ್ನದೇ ನೆರಳು.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಅವಳ ಬದಲು ಕಿರಿಯ ಎಂಜಿನಿಯರ್ ಹುಡುಗಿ ಒಬ್ಬಳೇ ಕೂತು ನೋಡಿದಳು; ಗೆರೆ ಸತ್ತ ಹಾಗೆ ಬಿದ್ದಿತ್ತು. ಫ್ಯಾನಿನ ತಂತಿ ಬದಲಿಸಿದರು, ಪಕ್ಕದ ಲಿಫ್ಟ್ ನಿಲ್ಲಿಸಿದರು. ಚಿಮಟದಕ್ಕ ಒಳಗೆ ಕೂತಾಗ ಮಾತ್ರ ಅದು ಬರುತ್ತಿತ್ತು.

"ಅಕ್ಕಾ, ನಿಮಗೆ ಯಾರೋ ಅಭಿಮಾನಿ ಗಂಟುಬಿದ್ದಿದಾನೆ," ಎಂದಳು ಹುಡುಗಿ. "ನಾನು ಕೂತ್ರೆ ತಿರುಗಿ ಕೂಡ ನೋಡಲ್ಲ."

"ಮದುವೆಯಾಗಿ ಮೂವತ್ತು ವರ್ಷ ಆಯ್ತು ಅಂತ ಹೇಳ್ಬಿಡಮ್ಮ ಅವನಿಗೆ. ಗಂಡನ ಕೈಲಿ ಕತ್ತರಿ ಇದೆ ಅಂತಾನೂ ಹೇಳು."

ಗಂಡನದು ಬೀದಿಯ ತಿರುವಿನಲ್ಲಿ ಕಟಿಂಗ್ ಶಾಪ್. ಮಾತು ಮುಗಿಯುವ ಮುಂಚೆಯೇ ಹುಡುಗಿ ನಕ್ಕು, ಆ ಹಲ್ಲುಗಳನ್ನು ಸದ್ದಾಗಿ ಬದಲಿಸಿ ಸ್ಪೀಕರಿಗೆ ಹಾಕಿದಳು. "ಕೇಳಿ, ನಿಮ್ಮವರ ಧ್ವನಿ ಹೇಗಿದೆ ಅಂತ."

ಟಿಕಿಟಿಕಿಟಿಕಿಟಿಕಿ.

ಚಿಮಟದಕ್ಕನ ನಗು ಅಲ್ಲೇ ನಿಂತುಹೋಯಿತು.

ಆ ಸದ್ದು ಅವಳಿಗೆ ಗೊತ್ತಿತ್ತು. ಅವಳ ಅಮ್ಮ ಕೊನೆಯ ನಾಲ್ಕು ವರ್ಷ ಅವಳ ಮನೆಯಲ್ಲೇ ಇದ್ದವಳು. ಕಿಟಕಿಯ ಪಕ್ಕ ಕೂತು, ಕಾಫಿಯ ಕಪ್ಪು, ಬಸಿ ಎರಡನ್ನೂ ತೊಡೆಯ ಮೇಲಿಟ್ಟು ಹಿಡಿದುಕೊಳ್ಳುತ್ತಿದ್ದಳು. ಕೈ ನಡುಗಿ ಬಸಿಯ ಮೇಲೆ ಕಪ್ಪು ಕುಣಿಯುತ್ತಿತ್ತು. ಟಿಕಿಟಿಕಿಟಿಕಿಟಿಕಿ. ಅಡುಗೆಮನೆಯಲ್ಲಿದ್ದರೂ ಆ ಸದ್ದಿನಿಂದಲೇ ಅಮ್ಮ ಎಚ್ಚರವಾಗಿದ್ದಾಳೆ, ಇದ್ದಾಳೆ ಎಂದು ತಿಳಿಯುತ್ತಿತ್ತು. ಅದು ನಿಂತು ಏಳು ವರ್ಷವಾಗಿತ್ತು. ಬಸಿ ಈಗಲೂ ಕಪಾಟಿನಲ್ಲಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೂ ಅಲ್ಲ. ಆದರೆ ಅಂಟು ಹಾಕುವ ಹೊತ್ತಿಗೆ ಅವಳ ಮನಸ್ಸು ಬಾಗಿಲ ಕಡೆಗೆ ಕಿವಿಗೊಡತೊಡಗಿತು. ಬಾಗಿಲು ತೆರೆಯದೆ ಬರುವವರನ್ನು ಬಾಗಿಲಲ್ಲಿ ಕಾಯುವುದೇಕೆ ಎಂದು ತನ್ನನ್ನೇ ಗದರಿಕೊಂಡಳು. ಒಂದು ಮಧ್ಯಾಹ್ನ ಗೆರೆಗೆ ಹಲ್ಲು ಮೂಡುತ್ತಿದ್ದಂತೆ ಮೆಲ್ಲಗೆ ಕೇಳಿಯೇಬಿಟ್ಟಳು.

"ಬಂದ್ಯಾ ಅಮ್ಮಾ?"

ಹಲ್ಲುಗಳು ಎತ್ತರವಾದವು. ಅವಳ ಕಣ್ಣೆದುರೇ, ಮೊದಲಿನ ಎರಡರಷ್ಟು. ಆ ಮೇಲಿನ ಹದಿನೈದು ನಿಮಿಷ ಅವಳು ರೆಪ್ಪೆ ಬಡಿಯಲಿಲ್ಲ.

ಸೋಮವಾರ ಮೇಷ್ಟ್ರು ಇಬ್ಬರನ್ನೂ ಕೂರಿಸಿಕೊಂಡರು. "ಶುಕ್ರವಾರದವರೆಗೆ ನೋಡ್ತೀನಿ. ಈ ನಡುಕ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಈ ತೆಳು ನಾಲಿಗೆಯ ಕಥೆ ಇಲ್ಲಿಗೆ ಮುಗೀತು. ಹಳೇ ದಪ್ಪ ನಾಲಿಗೆಗೇ ವಾಪಸ್."

"ದಪ್ಪದ್ದು ದೊಡ್ಡ ಮಕ್ಕಳ ಉಸಿರು ಮಾತ್ರ ಹಿಡಿಯುತ್ತೆ ಸಾರ್," ಎಂದಳು ಹುಡುಗಿ. "ಒಂದು ಕೇಜಿ ಕೂಸಿನ ಉಸಿರು ಅದಕ್ಕೆ ಗೊತ್ತೇ ಆಗಲ್ಲ."

"ಗೊತ್ತಾಗಲ್ಲ. ಆದ್ರೆ ಇಲ್ಲದ ಉಸಿರನ್ನ ಇದೆ ಅಂತ ತೋರಿಸೋ ಸೆನ್ಸರು ಅದಕ್ಕಿಂತ ಅಪಾಯ ಕಣಮ್ಮ. ಕೂಸು ಉಸಿರು ನಿಲ್ಲಿಸಿರುತ್ತೆ, ಇದು ಟಿಕಿಟಿಕಿ ಅಂತಿರುತ್ತೆ. ನರ್ಸು ಆರಾಮಾಗಿ ಕೂತಿರ್ತಾಳೆ."

ಆ ದಿನ ಅಂಟು ಒಣಗುವಾಗ ಚಿಮಟದಕ್ಕ ಕೈ ಮುಗಿಯದೆಯೇ ಕೈಮುಗಿದವಳಂತೆ ಬೇಡಿಕೊಂಡಳು. "ಹೋಗಮ್ಮಾ. ಸಣ್ಣ ಕೂಸುಗಳ ಕೆಲಸ ಇದು. ಇಲ್ಲಿಗೆ ಬರಬೇಡ, ಮನೆಗೆ ಬಾ." ಗೆರೆ ಇನ್ನಷ್ಟು ಎದ್ದಿತು.

ಮಂಗಳವಾರ ಬೆಳಿಗ್ಗೆ ಗಂಡ ಅಂಗಡಿಗೆ, ಅವಳು ಬಸ್ಸಿಗೆ, ಇಬ್ಬರೂ ಒಟ್ಟಿಗೆ ಹೊರಟರು. ಅವನು ನಾಲ್ಕು ಹೆಜ್ಜೆ ಹಿಂದೆ ಉಳಿದು ಅವಳನ್ನೇ ನೋಡುತ್ತ ಬಂದ.

"ಏನ್ರೀ, ಹಿಂದಿಂದ ಹೊಸಬಳ ಹಾಗೆ ಕಾಣ್ತೀನಾ?"

"ನಿನ್ನ ಬಲಗೈ ಬೀಸೋದೇ ಇಲ್ಲ ಕಣೇ ನಡೆಯುವಾಗ. ಎಡಗೈ ಬೀಸುತ್ತೆ, ಇದು ಇಲ್ಲ. ಎರಡು ತಿಂಗಳಾಯ್ತು, ನೋಡ್ತಾನೇ ಇದೀನಿ." ಅವನು ಸರಿಯಾದ ಮಾತಿಗಾಗಿ ಹುಡುಕಿದ. "ಪಕ್ಕದಲ್ಲಿ ಯಾರೋ ನಿನ್ನ ಕೈ ಹಿಡ್ಕೊಂಡು ನಡೀತಿದಾರೇನೋ ಅನ್ನೋ ಹಾಗಿದೆ."

ತಲೆ ನೋಡಿ ಮನುಷ್ಯನನ್ನು ಅಳೆಯುವವನು ಅವನು, ಸುಮ್ಮನೆ ಮಾತಾಡುವವನಲ್ಲ. ಅವಳು ಬಸ್ಸಿನಲ್ಲಿ ಕೂತು ಬಲಗೈಯನ್ನು ಮಡಿಲಲ್ಲಿಟ್ಟು ನೋಡಿದಳು. ಏನೂ ಕಾಣಲಿಲ್ಲ. ಕೈ ಕೈಯಾಗಿಯೇ ಇತ್ತು. ಆದರೆ ಅಮ್ಮನ ಒಂದು ಗುಟ್ಟು ನೆನಪಿಗೆ ಬಂತು. ಅಷ್ಟು ನಡುಗುವ ಕೈ, ಕಪ್ಪನ್ನು ಬಾಯಿಗೆ ಒಯ್ಯುವಾಗ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಕೆಲಸ ಕೊಟ್ಟರೆ ಸುಮ್ಮನಾಗುತ್ತಿತ್ತು. ಕೆಲಸವಿಲ್ಲದಾಗ ಕುಣಿಯುತ್ತಿತ್ತು, ಮನಸ್ಸು ಕಲಕಿದರೆ ಇನ್ನೂ ಜೋರಾಗಿ.

ಆ ಮಧ್ಯಾಹ್ನ ಗೆರೆಗೆ ಹಲ್ಲು ಮೂಡಿದ ಮೇಲೆ ಅವಳು ಇಪ್ಪತ್ತಾರು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ಪರೀಕ್ಷೆಯ ನಡುವೆ ಅಲುಗಿದಳು. ಚಿಮಟ ಹಿಡಿದ ಕೈಯನ್ನು, ಏನನ್ನೋ ಎತ್ತಿಕೊಳ್ಳಲು ಹೋಗುವವಳಂತೆ, ಮೆಲ್ಲಗೆ ಮುಂದೆ ಚಾಚಿದಳು. ಗೆರೆ ಒಂದು ದೊಡ್ಡ ಗುಡ್ಡವಾಗಿ ಏರಿ ಇಳಿಯಿತು. ಹಲ್ಲುಗಳು ಮಾಯವಾದವು. ಕೈಯನ್ನು ಮತ್ತೆ ಕುರ್ಚಿಯ ಮೇಲಿಟ್ಟಳು. ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ, ಹೊಸ್ತಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವವರಂತೆ, ಒಂದು ಹಲ್ಲು. ಎರಡು. ಐದು.

ಚಿಮಟವನ್ನು ಮೊದಲ ಸಲ ಮೇಜಿನ ಮೇಲೆ ಮಲಗಿಸಿದಳು. ಗೆರೆಯೂ ಮಲಗಿತು.

ಚಿಮಟದ ಹಿಡಿಯ ಮೇಲೆ 'ಕಾಂತಗುಣವಿಲ್ಲದ ಉಕ್ಕು' ಎಂದು ಅಚ್ಚಾಗಿತ್ತು. ಕೊಂಡ ದಿನ ಅದು ನಿಜ. ಆದರೆ ವರ್ಷಗಟ್ಟಲೆ ಅವಳು ಸೊಟ್ಟಗಾದಾಗಲೆಲ್ಲ ಅದರ ತುದಿಯನ್ನು ಬಾಗಿಸಿ ನೇರ ಮಾಡಿದ್ದಳು, ಉಜ್ಜಿ ಚೂಪು ಮಾಡಿದ್ದಳು. ಆ ಜಾತಿಯ ಉಕ್ಕನ್ನು ಹಾಗೆ ಬಾಗಿಸಿ ಬಡಿದರೆ ಅದಕ್ಕೆ ನಿಧಾನವಾಗಿ ಕಾಂತಗುಣ ಹತ್ತುತ್ತದೆ. ಇದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಚ್ಚು ನೋಡಿದ ಮೇಲೆ ಯಾರೂ ಅದನ್ನು ನೆನೆಯಲಿಲ್ಲ, ಅಷ್ಟೆ.

ಬುಧವಾರ ಅವಳು ಚಿಮಟವನ್ನು ಹೇರ್‌ಪಿನ್ನುಗಳ ತಟ್ಟೆಯಲ್ಲಿ ಬಿಟ್ಟು, ಪ್ಲಾಸ್ಟಿಕ್ಕಿನ ಒಂದು ಚಿಮಟ ಹಿಡಿದು ಒಳಗೆ ಹೋದಳು. ಗೆರೆ ದಾರದಂತೆ ನೆಟ್ಟಗೆ ಹರಿಯಿತು. ಗುರುವಾರವೂ. ಹುಡುಗಿ ಕುಣಿದಾಡಿದಳು. ಚಿಮಟದಕ್ಕನ ಎದೆಯ ಮೇಲಿನ ಕಲ್ಲು ಇಳಿಯಿತು. ಸೆನ್ಸರೂ ಉಳಿಯಿತು, ಕುರ್ಚಿಯೂ ಉಳಿಯಿತು. ಕೈಯ ನಡುಕದ ಮಾತು ಕೈಯಲ್ಲೇ ಇರಲಿ.

ಶುಕ್ರವಾರ ಮೇಷ್ಟ್ರು ಕಾಗದಗಳನ್ನು ನೋಡಿ ಕನ್ನಡಕ ತೆಗೆದರು. "ನಿಂತಿದ್ದು ಹೇಗೆ?"

"ತಾನಾಗೇ ನಿಂತಿದೆ ಸಾರ್," ಎಂದಳು ಹುಡುಗಿ.

"ತಾನಾಗೇ ನಿಂತಿದ್ದು ತಾನಾಗೇ ಬರುತ್ತೆ. ಆಸ್ಪತ್ರೆಯಲ್ಲಿ ಬಂದ್ರೆ? ಬೇಡಮ್ಮ. ಕಾರಣ ಇಲ್ಲದ ಮೌನವನ್ನ ನಾನು ಕೂಸಿನ ಎದೆ ಮೇಲೆ ಇಡಲ್ಲ. ದಪ್ಪ ನಾಲಿಗೆಯ ನಕ್ಷೆ ತೆಗಿ."

ಹುಡುಗಿಯ ಮುಖ ಬಾಡಿತು. ಚಿಮಟದಕ್ಕ ಕೋಟಿನ ಜೇಬಿನಿಂದ ಹಳೆಯ ಚಿಮಟ ತೆಗೆದು ಮೇಷ್ಟ್ರ ಮುಂದಿಟ್ಟಳು.

"ಕಾರಣ ಇದು ಸಾರ್. ಬಾಗಿಸಿ ಬಾಗಿಸಿ ಕಾಂತ ಹತ್ತಿದೆ ಇದಕ್ಕೆ."

ಮೇಷ್ಟ್ರು ಅದನ್ನು ತಿರುಗಿಸಿ ನೋಡಿದರು. ಮುಖ ಅರಳಿತು, ಆಮೇಲೆ ಮತ್ತೆ ಗಂಟಾಯಿತು. "ಸರಿ. ಆದ್ರೆ ಸೆಕೆಂಡಿಗೆ ಐದು ಸಲ? ಚಿಮಟ ತಾನೇ ಅಲ್ಲಾಡುತ್ತಾ?"

ಅವಳು ಚಿಮಟವನ್ನು ಮರಳಿ ಎತ್ತಿಕೊಂಡಳು.

"ಒಳಗೆ ಬನ್ನಿ ಸಾರ್."

ಮೂವರೂ ಒಳಗೆ ಕೂತರು. ಬಾಗಿಲು ಮುಚ್ಚಿತು. ಅವಳು ಕುರ್ಚಿಯ ಕೈಮೇಲೆ ಬಲಗೈ ಇಟ್ಟು ಕಾದಳು. ಬಂತು. ಅವಳೇ ಹುಡುಗಿಗೆ, "ಧ್ವನಿ ಹಾಕಮ್ಮ" ಎಂದಳು. ಟಿಕಿಟಿಕಿಟಿಕಿಟಿಕಿ. ಮೇಷ್ಟ್ರು ಬಗ್ಗಿ ಅವಳ ಬೆರಳುಗಳನ್ನು ನೋಡಿದರು. ಕಲ್ಲಿನ ಹಾಗೆ ಸ್ಥಿರವಾಗಿದ್ದವು. ಪರದೆಯ ಮೇಲೆ ನಡುಗುತ್ತಿದ್ದವು.

"ನಂಗೇ ಗೊತ್ತಿರಲಿಲ್ಲ," ಎಂದಳು. "ನಮ್ಮಮ್ಮಂಗೂ ಇತ್ತು. ಸೆನ್ಸರ್ ಸರಿಯಾಗಿದೆ ಸಾರ್. ಇಲ್ಲದ್ದೇನೂ ತೋರಿಸ್ತಿಲ್ಲ ಅದು."

ಹುಡುಗಿ ತುಟಿ ಕಚ್ಚಿಕೊಂಡು ಗೋಡೆ ನೋಡಿದಳು. ಮೇಷ್ಟ್ರು ಸ್ಪೀಕರ್ ಆರಿಸಿ, "ನಾಳೆ ಡಾಕ್ಟರ ಹತ್ರ ಹೋಗು. ನಾನೂ ಬರ್ತೀನಿ," ಎಂದರು. ಆಮೇಲೆ, "ಈ ಕುರ್ಚಿ…" ಎಂದು ಶುರುಮಾಡಿ ಮುಗಿಸಲಾರದೆ ನಿಲ್ಲಿಸಿದರು.

"ಗೊತ್ತು ಸಾರ್. ಕೊನೇದು ಒಂದು ಬಾಕಿ ಇದೆಯಲ್ಲ, ಹನ್ನೆರಡನೇದು. ಕೆಲಸದಲ್ಲಿದ್ದಾಗ ಅದು ಸುಮ್ಮನಿರುತ್ತೆ. ಅಷ್ಟು ಮುಗಿಸಿ ಎದ್ದೇಳ್ತೀನಿ. ಇವಳು ಪಕ್ಕದಲ್ಲಿ ಕೂತು ಕಲಿಯಲಿ."

ಪ್ಲಾಸ್ಟಿಕ್ಕಿನ ಚಿಮಟದಿಂದಲೇ ಹನ್ನೆರಡನೆಯದನ್ನು ಮುಗಿಸಿದಳು. ಪೊರೆ ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ಅಂಟು ಒಣಗುವ ಇಪ್ಪತ್ತು ನಿಮಿಷ, ಹಳೆಯ ಚಿಮಟವನ್ನು ಕೈಗೆತ್ತಿಕೊಂಡು ಕೂತು ಕೇಳಿಸಿಕೊಂಡಳು. ಹುಡುಗಿ ತಡೆಯಲಿಲ್ಲ.

ಸಂಜೆ ಬಸ್ಸಿಳಿದು ನಡೆಯುವಾಗ ಕಟಿಂಗ್ ಶಾಪಿನ ಕನ್ನಡಿಯಲ್ಲಿ ತನ್ನನ್ನು ಕಂಡಳು. ಎಡಗೈ ಬೀಸುತ್ತಿತ್ತು. ಬಲಗೈ ಮೈಯ ಪಕ್ಕದಲ್ಲಿ, ಯಾರ ಹೆಜ್ಜೆಗೋ ಹೊಂದಿಕೊಂಡು, ತೂಗದೆ ಬರುತ್ತಿತ್ತು. ಅವಳು ಅದನ್ನು ಬೀಸಲು ಹೋಗಲಿಲ್ಲ. ಹಿಡಿದುಕೊಳ್ಳುವವರಿಗೆ ಅನುಕೂಲವಾಗಲೆಂದು ಬೆರಳುಗಳನ್ನು ಸ್ವಲ್ಪ ಮಡಚಿ ಮನೆಯ ಕಡೆ ನಡೆದಳು.