ಕಣ ಕಾದ ಗಿರಿಜಕ್ಕ

ಗಿರಿಜಕ್ಕ ಕುಳಿತದ್ದನ್ನು ನಾನು ಬಹಳ ವರ್ಷ ನೋಡಿರಲಿಲ್ಲ. ಊಟವನ್ನೂ ಅವರು ಅಡುಗೆಮನೆಯ ಕಿಟಕಿಯ ಬಳಿ ನಿಂತೇ ಮುಗಿಸುತ್ತಿದ್ದರು. ಆ ಕಿಟಕಿಯಿಂದ ಕಾಫಿ ಒಣಗಿಸುವ ಕಣ ಕಾಣುತ್ತಿತ್ತು. ತುತ್ತು ಬಾಯಿಗೆ ಹೋಗುವ ಮೊದಲು ಕಣ್ಣು ಕಣಕ್ಕೆ ಹೋಗಿ ಬರುತ್ತಿತ್ತು. ನಾನು ಏನನ್ನಾದರೂ ವಿವರಿಸುತ್ತಿರುವಾಗಲೇ ಹೊರಟುಬಿಟ್ಟು, “ನೀ ಹೇಳ್ತಾ ಇರು ಮಾರಾಯ್ತಿ, ಕೇಳ್ತದೆ” ಎಂದು ಅಂಗಳದಿಂದ ಕೂಗುತ್ತಿದ್ದರು.

ಬಾಳೂರಿನ ಕಡೆ ಹಳ್ಳಕ್ಕೆ ಹೋಗುವ ಕಾಲುದಾರಿಯೊಂದಕ್ಕೆ ದೊಡ್ಡ ತೋಟದವರು ಬೇಲಿ ಹಾಕಿದ್ದರು. ಅದರ ವಿರುದ್ಧ ಜನರನ್ನು ಸೇರಿಸಲು ಮನೆಮನೆಗೆ ಹೋಗುತ್ತಿದ್ದ ದಿನಗಳಲ್ಲಿ ಅವರ ಪರಿಚಯವಾಯಿತು. ಹತ್ತಿರದ ದಾರಿಯೆಂದು ಕಣದ ಮೇಲೆ ಹೆಜ್ಜೆಯಿಟ್ಟಿದ್ದೆ.

“ಏಯ್, ಚಪ್ಪಲಿ!”

ಇದೇನು ದೇವಸ್ಥಾನವೇ ಎಂದು ಕೇಳಿದೆ. ಎಲ್ಲವನ್ನೂ ಪ್ರಶ್ನಿಸುವುದು ನಾನು ಹೋರಾಟದ ಶಾಲೆಯಲ್ಲಿ ಕಲಿತ ಅಭ್ಯಾಸ.

“ದೇವಸ್ಥಾನಕ್ಕಾದ್ರೆ ತಪ್ಪುಕಾಣಿಕೆ ಹಾಕ್ಬಹುದು. ಕಾಫಿಗೆ ವಾಸನೆ ಹಿಡಿದ್ರೆ ಯಾರಿಗೆ ಹಾಕ್ತಿ? ತೆಗಿ.”

ತೆಗೆದೆ. ಆ ದಿನದಿಂದ ನಾನು ಅವರಿಗೆ ‘ಲಾ ಪಾಯಿಂಟು’ ಆದೆ. ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ಈ ಗುಡ್ಡಗಳಲ್ಲಿ ಸಪಾಟು ನೆಲವೆಂಬುದು ಶಾಲೆಯ ಮೈದಾನ, ಗದ್ದೆ, ಕಾಫಿ ಕಣ ಇಷ್ಟರಲ್ಲೇ ಮುಗಿಯುತ್ತದೆ. ಗಂಡ ತೀರಿಕೊಂಡ ಮೇಲೆ ಗಿರಿಜಕ್ಕನಿಗೆ ಉಳಿದದ್ದು ಸಣ್ಣ ತೋಟ, ಅದರ ಅಂಚಿನಲ್ಲಿ ಮಣ್ಣುರಸ್ತೆಗೆ ತಾಗಿದ ಈ ಸಿಮೆಂಟ್ ಕಣ. ಹಣ್ಣನ್ನು ತಾನೇ ಒಣಗಿಸಿಟ್ಟುಕೊಂಡರೆ ಬೆಲೆ ಬಂದಾಗ ಮಾರಬಹುದು. ಕಣ ಇಲ್ಲದವರು ಕೊಯ್ದ ಸಂಜೆಯೇ ಹಸಿಹಣ್ಣನ್ನು ವ್ಯಾಪಾರಿ ಹೇಳಿದ ದರಕ್ಕೆ ಸುರಿಯಬೇಕು. ಆ ಹೆಂಗಸು ಯಾರ ಮುಂದೂ ಕೈಕಟ್ಟಿ ನಿಲ್ಲದೆ ಬದುಕಿದ್ದು ಆ ಸಿಮೆಂಟ್ ನೆಲದ ಬಲದಿಂದ.

ಮೇಲಿನ ಮನೆಯ ಸುರೇಶ್ ತಮ್ಮ ಹಳೆಯ ಮನೆಯನ್ನು ಹೋಮ್‌ಸ್ಟೇ ಮಾಡಿದಾಗ ಕಣಕ್ಕೆ ಕಷ್ಟ ಬಂತು. ಅವರದ್ದೂ ಕಾಫಿ ಮನೆತನವೇ. ಅವರ ಮನೆಗೆ ಹೋಗುವ ಏರುದಾರಿಯಲ್ಲಿ ಕಾರು ಹತ್ತುವುದಿಲ್ಲ. ದಾರಿಯನ್ನು ತಗ್ಗಿಸಿ, ತಮ್ಮ ಅಂಗಳದ ಬದಿಯನ್ನು ಕಡಿದು ಜಾಗ ಮಾಡಬಹುದಿತ್ತು, ಮಾಡಲಿಲ್ಲ. “ಅರ್ಧ ಗಂಟೆ ಗಿರಿಜಕ್ಕ, ಗೆಸ್ಟು ಸಾಮಾನು ಇಳಿಸ್ಕೊಳ್ಳಿ” ಎಂದು ಮೊದಲ ಕಾರನ್ನು ಕಣದಲ್ಲಿ ನಿಲ್ಲಿಸಿದರು. ಅರ್ಧ ಗಂಟೆ ಒಂದು ರಾತ್ರಿಯಾಯಿತು, ರಾತ್ರಿ ವಾರಾಂತ್ಯವಾಯಿತು. ಆಮೇಲೆ ಕೇಳುವುದೂ ನಿಂತಿತು. ನೆಲದ ಮೇಲೆ ಎಣ್ಣೆಯ ಕಲೆಗಳು ಕಾಣಿಸಿಕೊಂಡವು. ಗಿರಿಜಕ್ಕ ಬೂದಿ ಸುರಿದು, ತೆಂಗಿನ ನಾರಿನಲ್ಲಿ ಅವನ್ನು ಉಜ್ಜುತ್ತಿದ್ದರು.

ಇದಕ್ಕೆ ಸರಿಯಾದ ಹೆಸರಿಡಬೇಕೆಂದು ನಾನು ಒತ್ತಾಯಿಸಿದೆ. ಒಬ್ಬಂಟಿ ಹೆಂಗಸಿನ ಭೂಮಿಯನ್ನು ಸೌಜನ್ಯದ ಭಾಷೆಯಲ್ಲಿ ಕಬಳಿಸುವುದೂ ಅತಿಕ್ರಮಣವೇ. ಬಹುಕಾಲ ಸುಮ್ಮನಿದ್ದರೆ ಅದನ್ನೇ ರೂಢಿಯ ಹಕ್ಕೆಂದು ನಾಳೆ ವಾದಿಸುವವರಿದ್ದಾರೆ. ನೋಟಿಸ್ ಕೊಡೋಣ, ಗೇಟು ಹಾಕಿಸೋಣ ಎಂದೆ.

“ಗೇಟಿಗೆ ಬೀಗ ಹಾಕಿದ್ರೆ ನಾಳೆ ನನ್ನ ಹೆಣ ಹೊರೋಕೆ ಅವ್ನೇ ಬರ್ಬೇಕಲ್ಲ. ಕೀ ಎಲ್ಲಿಟ್ಟೆ ಅಂತ ನನ್ನನ್ನೇ ಕೇಳ್ತೀರಾ?”

ಕೊನೆಗೆ ನಾನೇ ‘ಖಾಸಗಿ ಜಾಗ, ವಾಹನ ನಿಲ್ಲಿಸಬಾರದು’ ಎಂದು ಬರೆಸಿ ಬೋರ್ಡು ನೆಟ್ಟೆ. ಮುಂದಿನ ವಾರ ಹೋದಾಗ ಅದರ ಮೇಲೆ ಯಾರೋ ಅತಿಥಿಗಳ ಒದ್ದೆ ಟವೆಲ್ಲು ಒಣಗುತ್ತಿತ್ತು. “ನಿನ್ನ ಬೋರ್ಡು ಉಪಯೋಗಕ್ಕೆ ಬಂತು, ಬೇಜಾರಾಗ್ಬೇಡ” ಎಂದು ಗಿರಿಜಕ್ಕ ಸಮಾಧಾನ ಹೇಳಿದರು.

ಆ ವರ್ಷ ಕೊಯ್ಲು ಶುರುವಾದ ವಾರವೇ ಬಿಳಿಯ ದೊಡ್ಡ ಕಾರೊಂದು ಕಣದ ನಡುವೆ ಬಂದು ನಿಂತಿತು. ಹಿಂದಿನ ಸಂಜೆ ಕೊಯ್ದ ಹಣ್ಣು ಚೀಲಗಳಲ್ಲಿತ್ತು. ಚೀಲದಲ್ಲೇ ಬಿಟ್ಟರೆ ಕಾವು ಏರಿ ಹುಳಿ ಬರುತ್ತದೆ. ಕಾರಿನವರು ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಜಲಪಾತ ನೋಡಲು ನಡೆದು ಹೋಗಿದ್ದರು. ಗಿರಿಜಕ್ಕ ಕಾರನ್ನು ಒಂದು ಸುತ್ತು ಸುತ್ತಿ ಬಂದು, ಕೆಲಸದ ಹೆಂಗಸರಿಗೆ “ಹರಡಿ” ಎಂದರು.

“ಎಲ್ಲಿ ತನಕ ಅಕ್ಕಾ?”

“ಕಣ ಎಲ್ಲಿ ತನಕ ಇದೆಯೋ ಅಲ್ಲಿ ತನಕ.”

ಮಧ್ಯಾಹ್ನದ ಹೊತ್ತಿಗೆ ಆ ಕಾರು ಕೆಂಪು ಹಣ್ಣಿನ ಕೆರೆಯ ನಡುವೆ ನಿಂತ ದೋಣಿಯಂತಿತ್ತು. ಕೈ ತಲುಪಿದಷ್ಟು ದೂರ ಅದರ ಹೊಟ್ಟೆಯ ಕೆಳಗೂ ಹಣ್ಣು ಹರಡಿತ್ತು. ವಾಪಸು ಬಂದ ಕಾರಿನ ಯಜಮಾನರು ಮೊದಲು ಫೋಟೋ ತೆಗೆದರು, ಆಮೇಲೆ ಅವರಿಗೆ ವಿಷಯ ಹೊಳೆಯಿತು.

“ಇದನ್ನ ತೆಗೆಸಿ ಅಮ್ಮಾ, ನಾವು ಹೊರಡಬೇಕು.”

“ತೆಗಿತೀವಿ. ಒಣಗಿದ ಮೇಲೆ.”

“ಯಾವಾಗ ಒಣಗುತ್ತೆ?”

“ಅದು ಬಿಸಿಲನ್ನ ಕೇಳ್ಬೇಕು.”

ಯಜಮಾನರು ಸಿಟ್ಟಿನಿಂದ, ಮೇಲೆಯೇ ಓಡಿಸಿಕೊಂಡು ಹೋಗುತ್ತೇನೆ ಎಂದು ಬಾಗಿಲಿಗೆ ಕೈಹಾಕಿದರು. ಆಗ ಅವರಿಗೆ ಅಡ್ಡ ನಿಂತದ್ದು ಗಿರಿಜಕ್ಕನಲ್ಲ, ಸುರೇಶ್. “ಬೇಡ ಸಾರ್! ಕಾಫಿ ಅದು!” ಎಂದು ಎರಡೂ ಕೈ ಚಾಚಿ ತಮ್ಮ ಅತಿಥಿಯ ಕಾರಿನ ಮುಂದೆ ನಿಂತರು. ಈ ಕಡೆಯವರು ತೋಟದ ಗಡಿಗಾಗಿ ತಲೆಮಾರುಗಟ್ಟಲೆ ಕೋರ್ಟಿಗೆ ಅಲೆದಾರು, ಆದರೆ ಹರಡಿದ ಕಾಫಿಯನ್ನು ಶತ್ರುವಿನದ್ದಾದರೂ ತುಳಿಯಲಾರರು. ಸುರೇಶ್ ಚಪ್ಪಲಿ ಕಳಚಿ, ಗಿರಿಜಕ್ಕನ ಕೈಯಿಂದ ಹಲಗೆ ಇಸಿದುಕೊಂಡು, ಹಣ್ಣನ್ನು ಬದಿಗೆ ಎಳೆದು ಕಾರಿಗೆ ದಾರಿ ಮಾಡತೊಡಗಿದರು.

“ಸೊಂಟ ಬಗ್ಗಿಸು ಸುರೇಶ. ಗೆಸ್ಟಿಗೆ ಕೈ ಮುಗಿದು ಮುಗಿದು ಬಗ್ಗೋದೇ ಮರ್ತಿದ್ಯಲ್ಲ.”

“ನೀವು ಬಿಡಿ ಗಿರಿಜಕ್ಕ, ಪೊಲೀಸಿಗೆ ಹೇಳಿದ್ರೂ ಇಷ್ಟು ಮರ್ಯಾದೆ ಹೋಗ್ತಿರ್ಲಿಲ್ಲ.”

ಇದನ್ನು ಗೆಲುವೆಂದು ನಾನು ಒಪ್ಪಲಿಲ್ಲ. ಕಾಫಿ ಹರಡಿರುವುದು ವರ್ಷದಲ್ಲಿ ಕೆಲವೇ ತಿಂಗಳು. ಮಿಕ್ಕ ಕಾಲಕ್ಕೆ ಯಾವ ರಕ್ಷಣೆ? ಮಳೆ ಹಿಡಿಯುವ ಮೊದಲೇ ಕಾರುಗಳು ಕಣಕ್ಕೆ ಮರಳಿದವು. ಬೂದಿ, ನಾರು, ಉಜ್ಜುವುದು ಮತ್ತೆ ಶುರುವಾಯಿತು.

ಗಿರಿಜಕ್ಕನಲ್ಲಿದ್ದ ಅನ್ಯಾಯವನ್ನೂ ಹೆಸರಿಸದೆ ಬಿಡಲಾರೆ. ತನ್ನ ಜಾಗದ ಗೆರೆಯ ಬಗ್ಗೆ ಅಷ್ಟು ಎಚ್ಚರವಿದ್ದ ಅವರು, ಹಣ್ಣು ಕೊಯ್ಯುವ ಹೆಂಗಸರ ಲೋಟಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬೇರೆಯಾಗಿ ಕವುಚಿ ಇಡುತ್ತಿದ್ದರು. ಒಂದು ಮಧ್ಯಾಹ್ನ ಅದನ್ನು ನೇರವಾಗಿ ಹೇಳಿದೆ. ಅವರು ಕಣಕ್ಕೆ ಹೋಗಿಬಿಟ್ಟರು. ಮುಂದಿನ ಕೊಯ್ಲಿಗೆ ಗೋಡೆಯ ಮೇಲೆ ಲೋಟಗಳಿರಲಿಲ್ಲ. ಎಲ್ಲರಿಗೂ ಪೇಪರ್ ಲೋಟ ಬಂದಿತ್ತು, ಗಿರಿಜಕ್ಕನಿಗೂ, ನನಗೂ. ಇದು ಪರಿಹಾರವಲ್ಲ ಗಿರಿಜಕ್ಕ ಎಂದೆ. “ಗೊತ್ತು ಲಾ ಪಾಯಿಂಟು. ಕುಡಿ” ಎಂದರು. ಅರ್ಧ ಕುಡಿದು ಲೋಟ ಕೆಳಗಿಟ್ಟೆ. ಅವರ ಲೋಟವೂ ಅರ್ಧದಲ್ಲೇ ಉಳಿಯಿತು.

ಒಂದು ಬೆಳಿಗ್ಗೆ ಕಲೆ ಉಜ್ಜುತ್ತಿದ್ದವರು ಕಣದಲ್ಲೇ ಎದೆ ಹಿಡಿದುಕೊಂಡು ಬಿದ್ದರು. ಪಕ್ಕದಲ್ಲೇ ಅತಿಥಿಗಳಿಗಾಗಿ ತರಿಸಿದ ಜೀಪು ನಿಂತಿತ್ತು. ಸುರೇಶ್ ಅವರನ್ನು ಎತ್ತಿ ಮಲಗಿಸಿ ಮೂಡಿಗೆರೆಯ ಆಸ್ಪತ್ರೆಗೆ ಮುಟ್ಟಿಸಿದರು. ಊರಿಗೆ ಊರೇ ತೀರ್ಪು ಕೊಟ್ಟಿತು: ಗಾಡಿ ಕಣದಲ್ಲಿ ಇದ್ದದ್ದಕ್ಕೆ ಜೀವ ಉಳಿಯಿತು. ವಾರ್ಡಿನಲ್ಲಿ ಅವರ ಪಕ್ಕ ಕುಳಿತು, ಸುರೇಶ್ ಬಗ್ಗೆ ಜನ ಹೇಳುತ್ತಿದ್ದುದನ್ನು ತಿಳಿಸಿದೆ.

“ಕರ್ಕೊಂಡು ಬಂದದ್ದು ಸುರೇಶ. ಅವ್ನ ಋಣ ಇದೆ” ಎಂದು ಅವರು ಉಸಿರು ಎಳೆದುಕೊಂಡು ಹೇಳಿದರು. “ಗಾಡಿ ನಿಂತ ಜಾಗದ್ದು ಎಂಥ ಋಣ? ಅವ್ನ ಅಂಗಳದಲ್ಲಿದ್ರೂ ಬರ್ತಿದ್ದ.”

ಉಪಕಾರವನ್ನೂ ಹಕ್ಕನ್ನೂ ಇಷ್ಟು ನಿಚ್ಚಳವಾಗಿ ಬೇರ್ಪಡಿಸಿದ ಮಾತನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಕಾಫಿ ಮಾರಿ ಮುಗಿದು ಕಣ ಬರಿದಾಗಿದ್ದ ಬೇಸಿಗೆಯಲ್ಲಿ. ಎಂದೂ ಕೂರದ ಗಿರಿಜಕ್ಕ ಕಣದ ನಟ್ಟನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಲೆಗೆ ಟವೆಲ್ಲು ಹೊದ್ದು ಕೂತಿದ್ದರು. ಡಾಕ್ಟರು ಕೆಲಸ ಮಾಡಬೇಡಿ ಎಂದಿದ್ದರಂತೆ. ಕೂತರೂ ಪಾದಗಳು ಮಾತ್ರ ನೆಲವನ್ನು ಸವರುತ್ತಲೇ ಇದ್ದವು. ಅಷ್ಟರಲ್ಲಿ ಬಾಡಿಗೆ ಜೀಪೊಂದು ರಸ್ತೆಯಿಂದ ಒಳಗೆ ತಿರುಗಿ, ಅವರನ್ನು ಕಂಡು ನಿಂತು, ಹಾರ್ನ್ ಹಾಕಿತು.

“ಬಡ್ಕೋಬೇಡ ಮಾರಾಯ. ಒಣಗ್ತಾ ಇದೀನಿ” ಎಂದರು ಗಿರಿಜಕ್ಕ.

ಚಾಲಕ ನಕ್ಕು ಜೀಪನ್ನು ಹಿಂದಕ್ಕೆ ತೆಗೆದ. ನಾನೂ ನಕ್ಕೆ. ಟವೆಲ್ಲಿನ ನೆರಳಲ್ಲಿ ಅವರ ಮುಖ ಎಷ್ಟು ಇಳಿದಿದೆ ಎಂಬುದು ಆಮೇಲೆ ಕಂಡಿತು. ಆ ಮಳೆಗಾಲವನ್ನು ಅವರು ದಾಟಲಿಲ್ಲ.

ತೋಟ ಅವರ ತಂಗಿಯ ಮಗಳು ಸವಿತಾಳಿಗೆ ಬಂದಿದೆ. ಆಲ್ದೂರಿನಲ್ಲಿ ಟೀಚರ್ ಆಗಿರುವ ಅವಳಿಗೆ ಹಣ್ಣು ಒಣಗಿಸಲು ಬಿಡುವಿಲ್ಲ. ಹಸಿಯಾಗಿಯೇ ಮಾರುತ್ತಾಳೆ. ಕುರ್ಚಿಯನ್ನು ಮಾತ್ರ ಕಣದ ನಡುವೆಯೇ ಬಿಟ್ಟಿದ್ದಳು. ಕಳೆದ ತಿಂಗಳು ಫೋನಿನಲ್ಲಿ ಕಾರುಗಳ ಬಗ್ಗೆ ಕೇಳಿದರೆ, “ಖಾಲಿ ಇದ್ಯಲ್ಲಕ್ಕ, ಹೇಗೆ ಬೇಡ ಅನ್ನೋದು? ದೊಡ್ಡಮ್ಮನ್ನ ಆಸ್ಪತ್ರೆಗೆ ಸೇರಿಸಿದವ್ರು ಅವ್ರೇ” ಎಂದಳು. ದೊಡ್ಡಮ್ಮ ವಾರ್ಡಿನಲ್ಲಿ ಆಡಿದ ಮಾತನ್ನು ಅವಳಿಗೆ ಹೇಳಿದೆ. “ನಂಗೆ ಹೇಳೋಕಾಗಲ್ಲ. ನೀವೇ ಒಂದ್ಸಲ ಹೇಳಿ ನೋಡಿ” ಎಂದಳು.

ಹೋದೆ. ಕಣದಲ್ಲಿ ಎರಡು ಕಾರುಗಳಿದ್ದವು. ಕುರ್ಚಿಯನ್ನು ಯಾರೋ ಗೋಡೆಗೆ ಒರಗಿಸಿದ್ದರು. ಚಪ್ಪಲಿ ಬಿಟ್ಟು, ಎಣ್ಣೆಯ ಕಲೆಗಳನ್ನು ದಾಟಿ, ಕುರ್ಚಿಯನ್ನು ತಂದು ನಡುವೆ ಹಾಕಿ ಕುಳಿತೆ. ಕಾಯಬೇಕಾದದ್ದು ಹೆಚ್ಚು ಹೊತ್ತಲ್ಲ. ಜೀಪೊಂದು ತಿರುಗಿತು, ನಿಂತಿತು, ಹಾರ್ನ್ ಹಾಕಿತು. ಗಿರಿಜಕ್ಕನ ಮಾತು ನಾಲಿಗೆಯ ತುದಿಗೆ ಬಂತು. ಅದು ಅವರದ್ದು, ನನಗೆ ಒಪ್ಪುವುದಿಲ್ಲ. “ಇದು ಖಾಸಗಿ ಜಾಗ” ಎಂದೆ. ಹಾರ್ನ್ ಮತ್ತೆ ಮೊಳಗಿತು.

ಗದ್ದಲಕ್ಕೆ ಸುರೇಶ್ ಮೇಲಿನಿಂದ ಇಳಿದು ಬಂದರು. “ಎಂಥ ಮೇಡಂ ಇದು? ಕಾಫಿನೇ ಇಲ್ಲ, ಯಾರಿಗೆ ತೊಂದ್ರೆ?” ಎನ್ನುತ್ತಾ ನೇರ ನನ್ನ ಮುಂದೆ ಬಂದು ನಿಂತರು. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳನ್ನು ಬಿಟ್ಟು ಅವರ ಕಾಲನ್ನು ನೋಡಿದೆ. ನನ್ನ ನೋಟದ ಜೊತೆಗೆ ಅವರೂ ಬಗ್ಗಿ ನೋಡಿಕೊಂಡರು. ಕಾಲು ಬರಿದಾಗಿತ್ತು. ಚಪ್ಪಲಿಗಳು ಹಿಂದೆ, ಕಣದ ಅಂಚಿನಲ್ಲಿ, ನನ್ನ ಚಪ್ಪಲಿಗಳ ಪಕ್ಕದಲ್ಲಿದ್ದವು.

ಸುರೇಶ್ ಆ ಚಪ್ಪಲಿಗಳತ್ತ ಒಮ್ಮೆ ತಿರುಗಿ ನೋಡಿದರು. ನಾನು ಏಳಲಿಲ್ಲ. ಜೀಪಿನ ಎಂಜಿನ್ ಓಡುತ್ತಲೇ ಇತ್ತು.