ಹೆಬ್ಬಾಗಿಲ ಡೋಲು ಕಾಪಾಡಿದ ಹೆಸರು

ಯೊರುಬಾ ನಾಡಿನ ಅರಮನೆಗಳಲ್ಲಿ ಡೋಲು ಬಾರಿಸುವವರು ನೂರಾರು ಮಂದಿ. ಡೋಲನ್ನು ಮಾತಾಡಿಸಬಲ್ಲವರು ಹತ್ತಾರು ಮಂದಿ. ಯಾವ ಮಾತನ್ನು ಎಲ್ಲಿ ತಡೆಯಬೇಕೆಂಬ ವಿವೇಕವನ್ನು ಆ ಡೋಲಿಗೂ ಕಲಿಸಿದವರನ್ನು ಎಣಿಸಹೊರಟರೆ ನನ್ನ ಅರಿವಿನ ಮಟ್ಟಿಗೆ ಮೊದಲ ಬೆರಳಲ್ಲೇ ಎಣಿಕೆ ನಿಲ್ಲುತ್ತದೆ. ಇಫೊಡೆ ಅರಮನೆಯ ಹೆಬ್ಬಾಗಿಲಲ್ಲಿ ನಲವತ್ತಮೂರು ವರ್ಷ, ಮಾತಿನ ಏರಿಳಿತವನ್ನೇ ನುಡಿಸುವ ದುಂದುನ್ ಡೋಲನ್ನು ಹೆಗಲಿಗೇರಿಸಿ ನಿಂತು, ಮೂವರು ಅರಸರ ಬೆಳಗನ್ನು ತಮ್ಮ ನಾದದಿಂದ ತೆರೆದು, ಈಗ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಿವೃತ್ತರಾಗಿರುವ ಪೂಜ್ಯ ಬಾಬಾ ಆಯನ್‌ದೋಕುನ್ ಅವರಿಗೆ ಸಲ್ಲುವ ಈ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ನನಗೆ ಒದಗಿದೆ. ನಮ್ಮ ದೈವವಾಣಿಯಾದ ಇಫಾ ಪದ್ಯಗಳ ಅಧ್ಯಯನ, ಅಧ್ಯಾಪನಗಳಲ್ಲಿ ಆಯುಷ್ಯ ಸವೆಸಿದ ನಾನು ದೇವರ ಹೆಸರಿನಿಂದಲ್ಲದೆ ಏನನ್ನೂ ಆರಂಭಿಸಿದವನಲ್ಲ. ಎಲ್ಲ ನಾಲಗೆಗಳನ್ನೂ ಕೊಟ್ಟು, ಕಟ್ಟಿಗೆಗೂ ಚರ್ಮಕ್ಕೂ ಒಂದು ನಾಲಗೆಯನ್ನು ಉಳಿಸಿಟ್ಟ ಒಲೊಡುಮಾರೆಗೆ ಮೊದಲು ನಮಸ್ಕಾರ.

ತಮ್ಮ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ತಂದೆಯವರ ಕೈ ನಡುಗತೊಡಗಿದಾಗ, ಬಾಬಾ ಆ ಸ್ಥಾನಕ್ಕೆ ಬಂದರು. ಹತ್ತೊಂಬತ್ತು ಅರಸರ ವಂಶಸ್ತುತಿಯನ್ನು ಒಂದು ಪಾದವೂ ತಪ್ಪದಂತೆ ಮುಂಜಾನೆ ನುಡಿಸುವುದು ಅವರ ಮೊದಲ ಕರ್ತವ್ಯ. ಒಳಗೆ ಬರುವವರ ಕುಲವನ್ನು ಗುರುತಿಸಿ, ಅವರ ಹಿರಿಯರ ಬಿರುದುಗಳನ್ನು ಹೇಳಿ, ಸಿಂಹಾಸನದವರೆಗೆ ಮರ್ಯಾದೆಯಿಂದ ಮುಟ್ಟಿಸುವುದು ಎರಡನೆಯದು. ಈ ಎರಡನೆಯದರಲ್ಲಿ ಅವರು ತೋರಿದ ಕರುಣೆಗೆ ನೂರಾರು ಸಾಕ್ಷಿಗಳಿದ್ದಾರೆ. ಈಚಲ ಮರ ಹತ್ತಿ ಹೆಂಡ ಇಳಿಸುವ ಬಡವನೊಬ್ಬ ದೂರು ಹೇಳಲು ಬಂದು, ತನಗೆ ಹೇಳಿಕೊಳ್ಳುವಂಥ ಕುಲಸ್ತುತಿಯೇ ಇಲ್ಲವೆಂದು ಹೆಬ್ಬಾಗಿಲಲ್ಲಿ ಹಿಂಜರಿದು ನಿಂತಾಗ, ಬಾಬಾ ಅವನ ತಾಯಿಯ ಊರು, ಅಜ್ಜಿಯ ಕಸುಬು ಕೇಳಿ ತಿಳಿದು ಅಲ್ಲೇ ಆರು ಪಾದಗಳನ್ನು ಕಟ್ಟಿ ನುಡಿಸಿದರು. ಆ ಮನುಷ್ಯ ಎದೆಯೆತ್ತಿ ಒಳನಡೆದ. "ಬರಿಗೈಯಲ್ಲಿ ಯಾರು ಬೇಕಾದ್ರೂ ಬರಲಿ, ಬರೀ ಹೆಸರಲ್ಲಿ ಯಾರೂ ಬರಬಾರದು," ಎಂಬುದು ಅವರ ನಿಲುವು. ಯುವಕನಾಗಿದ್ದ ನಾನು ಮೊದಲ ಬಾರಿ ಅರಸರ ಮುಂದೆ ಪದ್ಯ ಹೇಳಲು ನಿಂತು ಭಯದಿಂದ ನಡುವೆ ಮರೆತಾಗಲೂ, ನನ್ನ ಅಜ್ಜನ ಬಿರುದುಗಳನ್ನು ಅವರು ಎಷ್ಟು ದೀರ್ಘವಾಗಿ ನುಡಿಸಿದರೆಂದರೆ, ಅದು ಮುಗಿಯುವಷ್ಟರಲ್ಲಿ ಮರೆತ ಪಾದ ನನಗೆ ನೆನಪಾಗಿತ್ತು. ನೆರೆದವರು ಅದನ್ನು ಗೌರವವೆಂದುಕೊಂಡರು. ಅದು ರಕ್ಷಣೆಯೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಅವರ ಸೇವೆಯ ಮುಕುಟಮಣಿಯೆಂದು ನಾನು ಭಾವಿಸುವ ಪ್ರಸಂಗವಾದರೋ ಹದಿನಾಲ್ಕು ವರ್ಷಗಳ ಹಿಂದಿನದು. ಇಬಾದಾನಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ಈಗಿನ ಅರಸರು, ಓಬ ಅಡೆಟಿಮೆಹಿನ್ ಅವರು, ಆ ವರ್ಷ ಪಟ್ಟಕ್ಕೆ ಬಂದರು. ಜೊತೆಗೆ ರಾಣಿ ಬೊಸೆಡೆಯವರು, ಎಂಟು ವರ್ಷದ ಒಬ್ಬಳೇ ಮಗಳು ಅಡೆಶೆವಾ. ಬೀದಿಯಲ್ಲಿ ಕುಂಟಾಬಿಲ್ಲೆ ಆಡಿಕೊಂಡಿದ್ದ ಮಗು ಒಂದು ವಾರದಲ್ಲಿ ರಾಜಪುತ್ರಿಯಾಯಿತು.

ನಮ್ಮ ಹೆಬ್ಬಾಗಿಲಿಗೆ ಒಂದು ಕಟ್ಟಳೆಯಿದೆ. ರಾಜರಕ್ತದವರು ಯಾರೇ ಹೊಸ್ತಿಲು ದಾಟಲಿ, ಡೋಲು ಅವರ ಹೆಸರನ್ನೂ ಸ್ತುತಿಯನ್ನೂ ಸಾರಬೇಕು. ಸಾರಿದ್ದು ಕಿವಿಗೆ ಬಿದ್ದೊಡನೆ ಎದುರಿನ ಸಂತೆಯಲ್ಲಿ ಗಂಡಸರು ದೀರ್ಘದಂಡ ಬೀಳಬೇಕು, ಹೆಂಗಸರು ಮೊಣಕಾಲೂರಬೇಕು. ಹೀಗಾಗಿ ಆ ಮಗು ಪಾಟೀಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟ ಮೊದಲ ದಿನ, ಅರಸರ ಬಿರುದು ಹಿಡಿದು "ಚಿರತೆಯ ಮಗಳು ಹೊರಟಳು" ಎಂದು ಡೋಲು ಸಾರಿತು. ಮುನ್ನೂರು ಮಂದಿ ನೆಲಕ್ಕೆ ಬಾಗಿದರು. ಶಾಲೆಯಲ್ಲಿ ಸಹಪಾಠಿಗಳು ಅಣಕಿಸಿ ಮಂಡಿಯೂರಿದರು. ಮೂರನೆಯ ದಿನ ಕೆಸರಲ್ಲಿ ಜಾರಿಬಿದ್ದ ಅವಳ ಚಿತ್ರ ಮಧ್ಯಾಹ್ನದೊಳಗೆ ಊರಿನ ಅರ್ಧ ಫೋನುಗಳಲ್ಲಿತ್ತು. ಅವಳು ಊಟ ಬಿಟ್ಟಳು.

ತಂದೆಯ ಕರುಳು ಕೇಳಬೇಕಲ್ಲ. ಅರಸರು ಬಾಬಾ ಅವರನ್ನು ಕರೆಸಿ, "ನಾಳೆಯಿಂದ ನನ್ನ ಮಗಳಿಗೆ ಡೋಲು ಬೇಡ," ಎಂದರು.

"ಕಬಿಯೇಸಿ," ಎಂದು ಅರಸರನ್ನು ಕರೆಯುವ ರೀತಿಯಲ್ಲೇ ಕರೆದು ಬಾಬಾ ಬಿನ್ನವಿಸಿಕೊಂಡರು, "ಡೋಲು ಸುಮ್ಮನಾದ್ರೆ ಊರು ಸುಮ್ಮನಿರಲ್ಲ."

"ಒಂದು ಮಗು ಇಸ್ಕೂಲಿಗೆ ಹೋಗೋಕೆ ಊರಿನ ಅಪ್ಪಣೆ ಬೇಕಾ ಬಾಬಾ? ನಾನು ಹೇಳಿದಷ್ಟು ಮಾಡಿ."

ಪಟ್ಟಣದಲ್ಲಿ ಬೆಳೆದ ಅರಸರಿಗೆ ತಿಳಿಯದ, ಬಾಬಾ ಬಾಯಿಬಿಟ್ಟು ಹೇಳಲಾಗದ ಸಂಗತಿಯೊಂದಿತ್ತು. ಅರಮನೆಯಿಂದ ರಾಜರಕ್ತವು ಡೋಲಿಲ್ಲದೆ ಹೊರಡುವುದು ಒಂದೇ ಒಂದು ಸಂದರ್ಭದಲ್ಲಿ. ಆ ಸಂದರ್ಭದ ಹೆಸರನ್ನು ಜೀವಂತ ಮಗುವಿನ ತಂದೆಯೆದುರು ಎತ್ತುವುದು ನಮ್ಮಲ್ಲಿ ನಿಷಿದ್ಧ. ಬಾಬಾ ಆಜ್ಞೆಯನ್ನು ಪಾಲಿಸಿದರು. ಮರುದಿನ ಹುಡುಗಿ ಮೌನದಲ್ಲಿ ಹೊಸ್ತಿಲು ದಾಟಿ, ಹಿಂಬದಿಯ ಓಣಿ ಹಿಡಿದು ಶಾಲೆ ಸೇರಿದಳು. ಹೊತ್ತಾದರೂ ಡೋಲು ಕೇಳದ ಸಂತೆಯವರು ಕಿವಿಗೊಟ್ಟು ಕಾದರು. ಆಮೇಲೆ ಯಾರೋ ಒಬ್ಬಳು ಸಾವಿನ ಮನೆಯವಳಂತೆ ತಲೆವಸ್ತ್ರ ಬಿಚ್ಚಿದಳು. ಅಷ್ಟೇ ಸಾಕಾಯಿತು: ಅಂಗಡಿಗಳು ಮುಚ್ಚಿದವು, ಹೆಂಗಸರು ಎದೆ ಬಡಿದುಕೊಳ್ಳುತ್ತ ಅರಮನೆಯತ್ತ ಬಂದರು, ಗಂಜಿ ಕುಡಿಯುತ್ತಿದ್ದ ಅರಸರು ಬಟ್ಟಲು ಹಿಡಿದುಕೊಂಡೇ ಓಡಿಬಂದರು.

"ಏನಾಯ್ತು? ಯಾರಿಗೇನಾಯ್ತು?"

"ನಮ್ಮ ಕಂದಮ್ಮ ಹೋಯ್ತಲ್ಲ ಕಬಿಯೇಸಿ! ಎಂಟೇ ವರ್ಷಕ್ಕೆ!"

"ಹೋಗಿದೆ! ಇಸ್ಕೂಲಿಗೆ ಹೋಗಿದೆ ಕಣ್ರಮ್ಮಾ!"

ಯಾರೂ ನಂಬಲಿಲ್ಲ. ಸೇನಾನಿ ಪದವಿಯ ಹಿರಿಯ ಸರದಾರರಾದ ಬಲೊಗುನ್ ತಾವೇ ಶಾಲೆಗೆ ಧಾವಿಸಿ, ತಿನ್ನುತ್ತಿದ್ದ ಅಲಸಂದೆ ವಡೆಯ ಸಮೇತ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಜೀವಂತವಾಗಿದ್ದಾಳೆಂದು ತೋರಿಸಲು ಊರಿನ ಏಳು ಕೇರಿಗಳಲ್ಲೂ ಮೆರವಣಿಗೆ ಮಾಡಿದರು. ಯಾರ ಕಣ್ಣಿಗೂ ಬೀಳದಿರಲೆಂದು ಹೊರಟ ಮಗು ಆ ದಿನ ಯಾರೊಬ್ಬರ ಕಣ್ಣಿಗೂ ತಪ್ಪಲಿಲ್ಲ. ಇಂದು ನೆನೆದರೆ ನಾವೆಲ್ಲ ಬಿದ್ದುಬಿದ್ದು ನಗುತ್ತೇವೆ. ಅಂದು ಅವಳು ಮಂಚದಡಿ ಸೇರಿಕೊಂಡು ಹೊರಬರಲಿಲ್ಲ.

ಅರಸರು ಸೋತು ನಿರ್ಧರಿಸಿದರು: ಸೋಮವಾರ ಮಗಳನ್ನು ಲೇಗೋಸಿನ ಸೋದರತ್ತೆಯ ಮನೆಗೆ ಕಳಿಸುವುದು, ಅವಳು ಅಲ್ಲೇ ಬೆಳೆಯುವುದು. ಪೆಟ್ಟಿಗೆ ಕಟ್ಟಿದ್ದಾಯಿತು. ಶುಕ್ರವಾರ ಸಂಜೆ ರಾಣಿಯವರು ಹೆಬ್ಬಾಗಿಲಿಗೆ ತಾವೇ ಬಂದು, ಬಾಬಾ ಅವರ ಪಕ್ಕದ ಕಲ್ಲಿನ ಮೇಲೆ ಕುಳಿತರು. ನಾನೂ ಅಲ್ಲಿದ್ದೆ.

"ಊರಿಗೆ ಒಬ್ಬ ರಾಜ ಸಿಕ್ಕಿದ. ನಮಗೆ ಮಗಳು ಉಳಿಯೋ ದಾರಿ ಇಲ್ವಾ ಬಾಬಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದುಹೋದರು.

ಬಾಬಾ ನನ್ನತ್ತ ತಿರುಗಿದರು. "ಗುರುಗಳೇ, ನಿಮ್ಮ ಇನ್ನೂರೈವತ್ತಾರು ಅಧ್ಯಾಯಗಳಲ್ಲಿ ಎಂಟು ವರ್ಷದ ಹುಡುಗಿಗೆ ಅಂತ ಒಂದು ಸಾಲೂ ಇಲ್ವಾ?"

ಎರಡು ದಿನ ಉಪವಾಸವಿದ್ದು ನಾನು ನೆನಪಿನ ಮೂಲೆಮೂಲೆಯನ್ನೂ ಶೋಧಿಸಿದೆ. ಅರಸರ ಆನೆಗೆ, ಕುದುರೆಗೆ, ಬೀಸಣಿಗೆಗೆ ಕೂಡ ಪದ್ಯಗಳಿದ್ದವು. ಭಾನುವಾರ ಸಂಜೆ ಬರಿಗೈಯಲ್ಲಿ ಹೋದಾಗ ಬಾಬಾ ಸಂತೆಯ ಕಡೆ ನೋಡುತ್ತ ಕುಳಿತಿದ್ದರು. ಅಲ್ಲೊಬ್ಬಳು ನೆರೆಮನೆಯವಳ ಅಳುವ ಕೂಸನ್ನು ತನ್ನ ಬೆನ್ನಿಗೆ ಕಟ್ಟಿಕೊಂಡು ಮೆಣಸಿನಕಾಯಿ ಮಾರುತ್ತಿದ್ದಳು.

"ಆ ಕೂಸು ಈಗ ಹೆಬ್ಬಾಗಿಲು ದಾಟಿದ್ರೆ ನಾನು ಯಾರ ಹೆಸರು ಬಾರಿಸಬೇಕು, ಗುರುಗಳೇ?"

"ಹೊತ್ತವಳದು," ಎಂದೆ. ಅದು ಊರಿಗೆಲ್ಲ ಗೊತ್ತಿರುವ ಡೋಲಿನ ನಿಯಮ: ಬೆನ್ನಿಗೆ ಕಟ್ಟಿದ ಮಗು, ಕಟ್ಟಿಕೊಂಡವಳ ಮನೆಯದು. ನಾನು ಪದ್ಯಗಳಲ್ಲಿ ಹುಡುಕಿದ್ದು ಮೆಣಸಿನಕಾಯಿ ಬುಟ್ಟಿಯ ಪಕ್ಕದಲ್ಲಿತ್ತು.

ಸೋಮವಾರ ಬೆಳಗ್ಗೆ ಕಾರು ಒಳಗೆ ಕಾದಿತ್ತು. ಬಾಬಾ ಅವರ ಧರ್ಮಪತ್ನಿ ಇಯಾ ಮೊಜಿಶೋಲಾ ಗಿಡ್ಡನೆಯ ಮೈಕಟ್ಟಿನವರು. ಅಡೆಶೆವಾ ಆಗಲೇ ಅವರ ಭುಜ ಮುಟ್ಟುವಷ್ಟು ಉದ್ದ. ಆ ತಾಯಿ ಬಾಗಿ, ಸುತ್ತುಬಟ್ಟೆಯಿಂದ ಹುಡುಗಿಯನ್ನು ಬೆನ್ನಿಗೆ ಬಿಗಿದುಕೊಂಡು ಏಳಲು ಮೂರು ಸಲ ಯತ್ನಿಸಿದರು.

"ಕಾಲು ಮಡಚ್ಕೊಳ್ಳೇ ತಾಯಿ, ಅಂಗಳ ಗುಡಿಸ್ತಿದೀಯ! ಇದೇನು ಮಗೂನೋ ಒಂಟೆಮರಿಯೋ!"

ಮಂಚದಡಿಯಿಂದ ಎದ್ದುಬಂದ ಆ ಹುಡುಗಿ ವಾರದಲ್ಲಿ ಮೊದಲ ಸಲ ನಕ್ಕಳು. ಹೊಸ್ತಿಲು ದಾಟುವಾಗ ಡೋಲು, ಬಾರಿಸುವವರ ಕುಲವಾದ ಆಯನ್ ಮನೆತನದ ಹೆಸರೆತ್ತಿ ನುಡಿಯಿತು: "ಆಯನ್ ಮನೆಯವಳು ಹೊರಟಳು, ಆಯನ್ ಮನೆಯ ಮೊಮ್ಮಗಳು ಹೊರಟಳು, ದಾರಿ ಬಿಡಿ, ಕೆಲಸ ಬಿಡಬೇಡಿ." ಸಂತೆ ತಲೆಯೆತ್ತಿತು. ಬೆನ್ನ ಮೇಲಿದ್ದವಳು ಯಾರೆಂದು ಮುನ್ನೂರು ಮಂದಿಗೂ ಕಂಡಿತು. ಡೋಲು ಹೇಳಿದ್ದೂ ಮುನ್ನೂರು ಮಂದಿಗೆ ಕೇಳಿಸಿತು. ಕ್ಷಣಹೊತ್ತು ತಕ್ಕಡಿಗಳು ನಿಂತವು. ಆಮೇಲೆ ಮೆಣಸಿನಕಾಯಿಯವಳು ತನ್ನ ಗಿರಾಕಿಯತ್ತ ತಿರುಗಿ, "ಇನ್ನೇನು ಬೇಕು ಹೇಳಿ," ಎಂದಳು. ತಕ್ಕಡಿಗಳೆಲ್ಲ ಮತ್ತೆ ಆಡತೊಡಗಿದವು. ಒಳಗೆ ರಾಣಿಯವರು ಕಾರಿನಿಂದ ಪೆಟ್ಟಿಗೆಯನ್ನು ತಾವೇ ಇಳಿಸಿದರು.

ಹಿರಿಯರ ಸಭೆಯಲ್ಲಿ ಬಲೊಗುನ್ ಆಕ್ಷೇಪಿಸದಿರಲಿಲ್ಲ. "ರಾಜನ ಮಗು ಊರಿನ ಮಗು. ಊರಿನ ಮಗೂನ ಊರು ನೋಡಬಾರದು ಅಂದ್ರೆ ಯಾವ ನ್ಯಾಯ?"

"ದಿನಾ ನೋಡಿ ಯಜಮಾನ್ರೇ, ಕಣ್ತುಂಬ ನೋಡಿ. ನೋಡ್ತಿದೀವಿ ಅಂತ ಮಗೂಗೆ ಗೊತ್ತಾಗಬಾರದು, ಅಷ್ಟೇ," ಎಂದರು ಬಾಬಾ. ಬಳಿಕ ಅರಸರ ಕಡೆ ತಿರುಗಿ ತಮ್ಮ ಕರಾರನ್ನೂ ಮುಂದಿಟ್ಟರು: "ಹೊಸ ಹೆಗ್ಗೆಣಸಿನ ಹಬ್ಬದ ದಿನ ಮಾತ್ರ ಅವಳು ಯಾರ ಬೆನ್ನೂ ಏರಬಾರದು, ಕಬಿಯೇಸಿ. ಆವತ್ತು ರಾಜವಂಶದ ಸ್ತುತಿ ಹದಿನಾಲ್ಕು ಪಾದಾನೂ ನುಡಿಸ್ತೀನಿ. ತಲೆ ಎತ್ತಿ, ನಿಮ್ಮ ಮಗಳಾಗಿ ನಡೀಬೇಕು. ಮಿಕ್ಕ ದಿನ ನನ್ನ ಮೊಮ್ಮಗಳು."

ಹಾಗೆಯೇ ನಡೆಯಿತು. ಹಬ್ಬದ ದಿನ ಅವಳ ನಡಿಗೆಯನ್ನು ಕಂಡವರಿಗೆ ತಿಳಿದಿದೆ: ವರ್ಷವಿಡೀ ಕುಂಟಾಬಿಲ್ಲೆ ಆಡಲು ಬಿಟ್ಟ ಮಗು ಒಂದು ದಿನ ರಾಜಪುತ್ರಿಯಾಗಿ ನಡೆಯಲು ದಣಿಯುವುದಿಲ್ಲ. ಮಹಾನಗರದ ಪತ್ರಕರ್ತನೊಬ್ಬ ಕ್ಯಾಮೆರಾ ನೇತುಹಾಕಿಕೊಂಡು ಬಂದು, ಸಂತೆಯಲ್ಲಿ ವಡೆ ಮಾರುತ್ತಿದ್ದವಳನ್ನು ರಾಜಕುಮಾರಿ ಎಲ್ಲಿ ಎಂದು ಕೇಳಿದಾಗ, ಅವಳ ಪಕ್ಕದಲ್ಲೇ ಅಡೆಶೆವಾ ಕುಳಿತು ಈರುಳ್ಳಿ ಸುಲಿಯುತ್ತಿದ್ದಳು. "ರಾಜಕುಮಾರಿನಾ? ಒಳಗಿರ್ತಾರಪ್ಪ. ಇದು ಡೋಲಿನವರ ಮೊಮ್ಮಗಳು. ವಡೆ ತಗೋತೀಯೋ, ದಾರಿ ಬಿಡ್ತೀಯೋ?" ಎಂದು ಕೇಳಿದ ಆ ಮಹಾತಾಯಿಗೂ ಈ ಸಂಪುಟದಲ್ಲಿ ಒಂದು ಪುಟ ಸಲ್ಲಬೇಕು. ಹುಡುಗಿಯ ಎತ್ತರ ಇಯಾ ಅವರನ್ನು ಮೀರಿದ ಮೇಲೆ ಹೊರುವುದು ನಿಂತು, ಇಬ್ಬರನ್ನೂ ಬಳಸಿ ಒಂದೇ ಸುತ್ತುಬಟ್ಟೆ ಕಟ್ಟಿ ಹೊಸ್ತಿಲು ದಾಟಿಸುವ ಪದ್ಧತಿ ಬಂತು. ಡೋಲು ಅದಕ್ಕೂ ಒಪ್ಪಿತು.

ಒಮ್ಮೆ ಮಗಳ ಓಟದ ಸ್ಪರ್ಧೆಯ ದಿನ, ತಾವು ಹೋದರೆ ಓಟ ಬಿಟ್ಟು ಎಲ್ಲರೂ ನೆಲಕ್ಕೆ ಬೀಳುವರೆಂದು ಬಲ್ಲ ಅರಸರು ಹೆಬ್ಬಾಗಿಲವರೆಗೆ ಬಂದು, ನಗುತ್ತಲೇ ಕೇಳಿದರು: "ಬಾಬಾ, ನನ್ನನ್ನೂ ಹೊತ್ತು ದಾಟಿಸೋರು ಯಾರಾದ್ರೂ ಇದಾರಾ?"

"ನಿಮ್ಮನ್ನ ಹೊರಬಹುದು ಕಬಿಯೇಸಿ. ಕಿರೀಟ ಭಾರ."

ಅರಸರು ಹಿಂದಿರುಗಿದರು. ಆ ಸಂಜೆ ಬಾಬಾ ತಾವು ಕಂಡ ಓಟವನ್ನು ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಡೋಲಿನಲ್ಲಿ ಅವರಿಗಾಗಿ ನುಡಿಸಿದರು. ಅರಸರು ಕಣ್ಣು ಮುಚ್ಚಿ ಕೇಳಿ, ಮಗಳು ಎರಡನೆಯವಳಾಗಿ ಗುರಿ ಮುಟ್ಟಿದಾಗ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಕಳೆದ ಹಬ್ಬದ ಮರುದಿನ ಬಾಬಾ ತಮ್ಮ ಡೋಲನ್ನು ಮಗ ಆಯನ್‌ಲೆರೆಯ ಹೆಗಲಿಗಿಟ್ಟು ನಿವೃತ್ತರಾದರು. ಆಯನ್ ಮನೆಯವರು ಕೆಲಸ ಬಿಟ್ಟು ಹೊರಡುವಾಗ ನಾಲ್ಕು ಪೆಟ್ಟು ಮಾತ್ರ ಹಾಕಬೇಕೆಂಬುದು ವಾಡಿಕೆ. ಊರೆಲ್ಲರನ್ನೂ ಹೊಗಳಿದ ಕೈಗಳಿಗೆ ತಮ್ಮದೆಂಬ ದೀರ್ಘ ಸ್ತುತಿಯಿಲ್ಲ. ಬಾಬಾ ಹೊಸ್ತಿಲ ಬಳಿ ಬಂದರು. ಅಲ್ಲಿ ಇಪ್ಪತ್ತೆರಡರ ಅಡೆಶೆವಾ, ಪರೀಕ್ಷೆ ಮುಗಿಸಿ ಅಂದೇ ಊರಿಗೆ ಬಂದವಳು, ಅಡ್ಡ ನಿಂತಿದ್ದಳು. ಕೈಯಲ್ಲಿ ಬಣ್ಣ ಮಾಸಿದ ಒಂದು ಸುತ್ತುಬಟ್ಟೆಯಿತ್ತು. ಬೆನ್ನು ತಿರುಗಿಸಿ ಬಾಗಿದಳು.

"ಹತ್ತಿ ಬಾಬಾ."

"ಏ ಹುಚ್ಚಿ! ನನ್ನ ಮೂಳೆ ಮುರೀತಾವೆ."

"ಕಾಲು ಮಡಚ್ಕೊಳ್ರೀ, ಅಂಗಳ ಗುಡಿಸಬೇಡಿ!" ಎಂದು ಹಿಂದಿನಿಂದ ಇಯಾ ಮೊಜಿಶೋಲಾ ಕೂಗಿದರು. "ನನ್ನ ಬೆನ್ನುನೋವಿನ ಸೇಡು ತೀರಿಸ್ಕೋ ಮಗಳೇ!"

ಬಾಬಾ ಏರಿದರು. ಆಯನ್‌ಲೆರೆ ಡೋಲೆತ್ತಿ, ತಂದೆಯನ್ನು ನೋಡಿ, ಹೊತ್ತವಳನ್ನು ನೋಡಿ, ಗೊಂದಲಗೊಂಡು ಅರಸರತ್ತ ನೋಡಿದ.

"ನಿಯಮ ನನ್ನನ್ನೇನು ಕೇಳ್ತೀಯಪ್ಪ," ಎಂದರು ಅರಸರು. "ಬೆನ್ನ ಮೇಲಿರೋ ಮಗು ಯಾರ ಮನೇದು?"

ಡೋಲು ನುಡಿಯಿತು: ಚಿರತೆಯ ಮನೆಯ ಕಂದ ಹೊರಟ, ಹತ್ತೊಂಬತ್ತು ಅರಸರ ಕುಡಿ ಹೊರಟ. ಹದಿನಾಲ್ಕು ಪಾದಗಳು, ಒಂದೂ ಬಿಡದೆ. ಸಂತೆ ಈ ಸಲ ಕಾಣದಂತೆ ನಟಿಸಲಿಲ್ಲ. ಮೆಣಸಿನಕಾಯಿಯವಳು ಮೊದಲು ಮಂಡಿಯೂರಿದಳು. ಆಮೇಲೆ ಮುನ್ನೂರು ಮಂದಿ. ಕೊನೆಗೆ ಹೆಬ್ಬಾಗಿಲೊಳಗೆ, ಕಿರೀಟ ತೆಗೆದು ರಾಣಿಯವರ ಕೈಗಿತ್ತು, ಮಗಳ ತಂದೆ.

ಒಲೊಡುಮಾರೆ ನಮ್ಮ ಬಾಬಾ ಅವರಿಗೆ ಇನ್ನೂ ಮೂವತ್ತು ಹಬ್ಬಗಳ ಹೊಸ ಹೆಗ್ಗೆಣಸನ್ನು ಕುಟ್ಟಿ ಬಡಿಸಲಿ. ಮನೆಯಂಗಳದಲ್ಲಿ ಅವರು ಆರಂಭಿಸಿರುವ ಡೋಲಿನ ಪಾಠಶಾಲೆಯಲ್ಲಿ ಮಕ್ಕಳ ಕಲರವ ಬತ್ತದಿರಲಿ. ನುಡಿಸುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ನುಡಿಸದಿರುವುದನ್ನೂ ಅವರು ಕಲಿಸುತ್ತಿರಲಿ. ಅವರಿಗೆ ದಣಿವಾದ ದಿನ, ಅವರನ್ನು ಹೊರಲು ಈ ಊರಿನಲ್ಲಿ ಬೆನ್ನುಗಳಿಗೆ ಬರವಿಲ್ಲ.